ಫೈನಲ್ ಸೋತಿದ್ದು ಬೆಂಗಳೂರು, ಊಟ ಬಿಟ್ಟಿದ್ದು ಹುಬ್ಬಳ್ಳಿಯಲ್ಲಿ

ಹುಬ್ಳಿ ನೀಲಿ:

ಫೈನಲ್ ಮುಗಿದು ನಾಲ್ಕು ದಿನ ಆಯಿತು. ಬರೆಯುವಷ್ಟು ಸಮಾಧಾನ ಈಗ ಬಂದಿದೆ ಅಂದುಕೊಂಡು ಕೂತಿದ್ದೇನೆ, ನೋಡೋಣ.

2025ರ ಏಪ್ರಿಲ್ 12, ಶನಿವಾರ. ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಬೆಂಗಳೂರು ಎಫ್‌ಸಿಗೂ ಮೋಹನ್ ಬಾಗಾನ್‌ಗೂ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್ಬಾಲ್ ಫೈನಲ್. ಮನೆಯಲ್ಲಿ ಟಿವಿ ಸಿಗುವ ಲಕ್ಷಣ ಇರಲಿಲ್ಲ. ದುರ್ಗದ ಬೈಲಿನ ಹತ್ತಿರ ನಾವು ಯಾವಾಗಲೂ ಕೂರುವ ಸಣ್ಣ ಹೋಟೆಲ್ ಒಂದಿದೆ, ಅಲ್ಲಿಗೆ ಹೋದೆ. ಗೋಡೆಯ ಟಿವಿಯಲ್ಲಿ ಹೈದರಾಬಾದ್–ಪಂಜಾಬ್ ಐಪಿಎಲ್ ನಡೆದಿತ್ತು. ಮಾಲೀಕರನ್ನು ಕೇಳಿದೆ, "ಕಾಕಾ, ಒಂದ್ ಹತ್ತ ನಿಮಿಷ ಬೆಂಗಳೂರಿನ ಮ್ಯಾಚ್ ಹಾಕ್ರಿ." ಅವರು ನನ್ನ ಮುಖ ನೋಡಿ, "ಇವತ್ತ ಆರ್‌ಸಿಬಿ ಇಲ್ಲಪಾ, ನಾಳೆ ಐತಿ" ಅಂದರು. ಇದಕ್ಕೆ ಏನು ಹೇಳೋದು? ಫೋನನ್ನು ಸ್ಟೀಲ್ ಲೋಟಕ್ಕೆ ಒರಗಿಸಿಕೊಂಡು ಕೂತೆ. ಪಕ್ಕದಲ್ಲಿ ಗಿರ್ಮಿಟ್ ತಟ್ಟೆ. ಅಭಿಷೇಕ್ ಶರ್ಮಾ ಅವತ್ತೇ 141 ಹೊಡೆಯಬೇಕಾ? ಪ್ರತಿ ಸಿಕ್ಸರ್‌ಗೆ ಹೋಟೆಲ್ ತುಂಬ ಕೂಗು. ನನ್ನ ಕಡೆ ಮಾತ್ರ ಸದ್ದಿಲ್ಲ.

49ನೇ ನಿಮಿಷಕ್ಕೆ ಮೋಹನ್ ಬಾಗಾನ್‌ನ ಆಲ್ಬರ್ಟೊ ರೊಡ್ರಿಗ್ಸ್ ಚೆಂಡನ್ನು ತಮ್ಮದೇ ಗೋಲಿಗೆ ಹಾಕಿಕೊಂಡರು. ನಾನು ಎದ್ದು ಕೂಗಿದೆ. ಎಲ್ಲರೂ ಟಿವಿ ಕಡೆ ನೋಡಿದರು, ಅಲ್ಲಿ ಆಗ ಜಾಹೀರಾತು ಬರುತ್ತಿತ್ತು. 72ಕ್ಕೆ ನಮ್ಮವರ ಕೈಗೆ ಚೆಂಡು ತಾಗಿ ಪೆನಾಲ್ಟಿ, ಕಮಿಂಗ್ಸ್ ಹೊಡೆದು 1-1. ಎಕ್ಸ್‌ಟ್ರಾ ಟೈಮ್ ಶುರುವಾಯಿತು. ಆಗ ವಾಟ್ಸಾಪ್‌ನಲ್ಲಿ ಗೆಳೆಯನ ಒಂದೇ ಪದ ಬಂತು: "ಮುಗೀತು." ನನ್ನ ಫೋನಿನಲ್ಲಿ ಚೆಂಡು ಇನ್ನೂ ಮೈದಾನದ ನಡುವೆಯೇ ಇತ್ತು! ನಮ್ಮ ನೆಟ್ ಅಷ್ಟು ಹಿಂದೆ. ಆಗಿಹೋದ ಗೋಲು ಆಗುವುದನ್ನೇ ಕಾಯುತ್ತ ಅರ್ಧ ನಿಮಿಷ ಕೂತೆ. ಯಾರ ಕಾಲಿಗೆ ಚೆಂಡು ಹೋದರೂ ಇವನೇ ಇರಬೇಕು ಅನ್ನಿಸುತ್ತಿತ್ತು. ಕೊನೆಗೆ ಮ್ಯಾಕ್ಲಾರನ್. 96ನೇ ನಿಮಿಷ, 2-1.

ರಾತ್ರಿ ಊಟ ಬೇಡ ಅಂದೆ. ಅಣ್ಣ ಕೇಳಿದ, "ಬೆಂಗಳೂರಿನ್ ಟೀಮ್ ಸೋತ್ರ ನಿನಗೇನೋ? ಅವ್ರು ಒಮ್ಮೆರೆ ಹುಬ್ಬಳ್ಳಿಗೆ ಬಂದಾರೇನು?"

ನಾಲ್ಕು ದಿನದಿಂದ ಇದಕ್ಕೆ ಉತ್ತರ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ಸೀಸನ್ ಹೇಗಿತ್ತು ಅಂತ ಕೇಳಿದರೆ, ಈ ಸಲ ಇಷ್ಟು ದೂರ ಬರುತ್ತೇವೆ ಅಂತ ನಾನಂತೂ ಅಂದುಕೊಂಡಿರಲಿಲ್ಲ. ಅದರ ಹಿಂದಿನ ವರ್ಷ 12 ತಂಡಗಳಲ್ಲಿ ನಾವು 10ನೆಯವರು. ಈ ಸಲ ಸೆಪ್ಟೆಂಬರ್‌ನಲ್ಲಿ ಮೊದಲ ಆಟದಲ್ಲೇ ವಿನೀತ್ ವೆಂಕಟೇಶ್ ಗೋಲು, ಈಸ್ಟ್ ಬೆಂಗಾಲ್ ವಿರುದ್ಧ 1-0. ಬೆಂಗಳೂರಿನದೇ ಹುಡುಗ, ಇನ್ನೂ ಹತ್ತೊಂಬತ್ತು ವರ್ಷ. ಆಮೇಲೆ ಇದೇ ಮೋಹನ್ ಬಾಗಾನ್ ಮೇಲೆ ನಮ್ಮ ಕಂಠೀರವ ಸ್ಟೇಡಿಯಂನಲ್ಲಿ 3-0 ಗೆಲುವು. ಮೊದಲ ಐದು ಆಟದಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಡಿಸೆಂಬರ್ 7ಕ್ಕೆ ಕೇರಳ ಬ್ಲಾಸ್ಟರ್ಸ್ ಮೇಲೆ 4-2, ಅದರಲ್ಲಿ ನಮ್ಮ ಸುನಿಲ್ ಛೆಟ್ರಿಯದು ಹ್ಯಾಟ್ರಿಕ್. ನಲವತ್ತು ವರ್ಷದ ಮನುಷ್ಯ! ನಮ್ಮ ಆಫೀಸಿನಲ್ಲಿ ನಲವತ್ತಾದವರು ಲಿಫ್ಟ್ ಕೆಟ್ಟರೆ ರಜೆ ಹಾಕುತ್ತಾರೆ.

ಜನವರಿ ಬಗ್ಗೆ ಮಾತು ಬೇಡ. ಆ ವರ್ಷವೇ ಐಎಸ್‌ಎಲ್‌ಗೆ ಬಂದ ಮೊಹಮ್ಮಡನ್ ನಮ್ಮ ಮೈದಾನದಲ್ಲೇ ನಮ್ಮನ್ನು 1-0 ಸೋಲಿಸಿ ಹೋದರು. ಅಂತೂ 38 ಅಂಕದಲ್ಲಿ ಮೂರನೇ ಸ್ಥಾನ. ಪ್ಲೇಆಫ್‌ನಲ್ಲಿ ಮುಂಬೈ ಮೇಲೆ 5-0 ಗೆಲುವು. ಸೆಮಿಯಲ್ಲಿ ಗೋವಾ. ಆಮೇಲೆ ಆ ಶನಿವಾರ.

ಹೇಳಿ, ನಾನು ಅತ್ತಿದ್ದು ತಪ್ಪಾ?


ವೆಸ್ಟ್ ಬ್ಲಾಕ್ ನವಲಗುಂದ:

ತಪ್ಪೇನಿಲ್ಲ. ಆದರೆ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ನವಲಗುಂದದವನು, ಬೆಂಗಳೂರಿನಲ್ಲಿ ಕೆಲಸ. 2013ರಲ್ಲಿ ಕ್ಲಬ್ ಶುರುವಾದಾಗ ಆಟ ಅಶೋಕನಗರದ ಫುಟ್ಬಾಲ್ ಸ್ಟೇಡಿಯಂನಲ್ಲಿ ನಡೆಯುತ್ತಿತ್ತು. ಮೊದಲ ವರ್ಷವೇ ಐ-ಲೀಗ್ ಗೆದ್ದರು, ಆಗ ದೇಶದ ದೊಡ್ಡ ಲೀಗ್ ಅದೇ. ಆವತ್ತಿಂದ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್ ಸ್ಟ್ಯಾಂಡ್‌ನಲ್ಲಿ ನಿಲ್ಲುತ್ತಿದ್ದೇನೆ. ನಿಲ್ಲುತ್ತೇನೆ ಅಂದರೆ ನಿಜಕ್ಕೂ ನಿಂತೇ, 90 ನಿಮಿಷ. ಕಂಠೀರವದಲ್ಲಿ ನಮಗೂ ಆಟಗಾರರಿಗೂ ನಡುವೆ ಓಟದ ಟ್ರ್ಯಾಕ್ ಇದೆ. ಕೂತು ಚಪ್ಪಾಳೆ ತಟ್ಟಿದರೆ ಅವರಿಗೆ ಕೇಳುವುದೇ ಇಲ್ಲ. ಅದಕ್ಕೇ ಡ್ರಮ್ಮು, ಅದಕ್ಕೇ ಹಾಡು. ಎದುರು ನಿಂತು ಹಾಡು ಹೇಳಿಕೊಡುವವನಿಗೆ ಆಟ ನೋಡಲು ಸಿಗುವುದಿಲ್ಲ, ಅವನ ಬೆನ್ನು ಮೈದಾನಕ್ಕೆ, ಮುಖ ನಮಗೆ. ಗೋಲು ಆಯಿತು ಅಂತ ಅವನಿಗೆ ಗೊತ್ತಾಗುವುದು ನಮ್ಮ ಮುಖ ನೋಡಿ.

10ನೇ ಸ್ಥಾನಕ್ಕೆ ಬಿದ್ದ ವರ್ಷ ಎಷ್ಟು ಜನ ಬಂದಿದ್ದರು ಅಂತ ನಾನು ನೋಡಿದ್ದೇನೆ. ನನ್ನ ಸಾಲಿನಲ್ಲಿ ಮೂರೇ ಜನ ಇದ್ದ ದಿನಗಳೂ ಇದ್ದವು. ಸ್ಟೋರಿಯಲ್ಲಿ ನೀಲಿ ಹಾರ್ಟ್ ಹಾಕಿದವರು ಮಾತ್ರ ಸಾವಿರ. ಹಾಗಾಗಿ ಕೇಳುತ್ತಿದ್ದೇನೆ: ಫೋನಿನಲ್ಲಿ ನೋಡುವವರು ಪ್ರೇಕ್ಷಕರು ಹೌದು. ಸಪೋರ್ಟರ್ ಅನ್ನೋದು ಬೇರೆ ಅಲ್ವಾ?


ಹುಬ್ಳಿ ನೀಲಿ:

ಬೇಜಾರಾಯಿತು ಅಣ್ಣಾ, ಸುಳ್ಳು ಯಾಕೆ ಹೇಳಲಿ.

ನಿಮಗೆ ಮೆಟ್ರೋ ಇದೆ. ನನಗೆ 400 ಕಿಲೋಮೀಟರ್ ಮೇಲಿದೆ. ಒಂದು ಆಟ ಅಂದರೆ ಒಂದು ರಾತ್ರಿ ಹೋಗೋಕೆ, ಒಂದು ರಾತ್ರಿ ಬರೋಕೆ, ನಡುವೆ ಒಂದು ರಜೆ. ನಾನು ಬಂದ ಒಂದು ಆಟದ ಕಥೆ ಹೇಳುತ್ತೇನೆ.

2023ರ ಮಾರ್ಚ್ 3, ಶುಕ್ರವಾರ. ಬ್ಲಾಸ್ಟರ್ಸ್ ಎದುರು ಪ್ಲೇಆಫ್. ನನ್ನ ಲೆಕ್ಕ ಸರಳ: ಏಳೂವರೆಗೆ ಶುರು, ಒಂಬತ್ತೂವರೆಗೆ ಮುಗಿತು, ಕಬ್ಬನ್ ಪಾರ್ಕ್ ಸ್ಟೇಷನ್‌ನಿಂದ ಮೆಜೆಸ್ಟಿಕ್‌ಗೆ ಮೂರನೇ ಸ್ಟಾಪ್, ರಾತ್ರಿಯ ಹುಬ್ಬಳ್ಳಿ ರೈಲು. ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹೋಗಲೇಬೇಕಿತ್ತು. ಆದರೆ 90 ನಿಮಿಷ ಆದರೂ 0-0. ಎಕ್ಸ್‌ಟ್ರಾ ಟೈಮ್! ಪೆನಾಲ್ಟಿವರೆಗೆ ಹೋದರೆ ರೈಲು ಹೋದ ಹಾಗೇ. 96ನೇ ನಿಮಿಷ, ನಮಗೆ ಫ್ರೀ ಕಿಕ್. ಹೇಗೂ ಅವರು ಚೆಂಡಿಗೆ ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟೋಕೆ ಹೊತ್ತಾಗುತ್ತೆ ಅಂತ ಟೈಮ್ ನೋಡಲು ಫೋನ್ ತೆಗೆದೆ.

ತಲೆ ಎತ್ತಿದರೆ ಗೋಲು ಆಗಿಹೋಗಿದೆ. ಅವರು ಗೋಡೆ ಕಟ್ಟುವ ಮೊದಲೇ ಛೆಟ್ರಿ ಹೊಡೆದುಬಿಟ್ಟಿದ್ದರು. ದೇಶ ಪೂರ್ತಿ ಮಾತಾಡಿದ ಆ ಗೋಲನ್ನು, ಸ್ಟೇಡಿಯಂ ಒಳಗೇ ಇದ್ದ ನಾನು ನೋಡಲಿಲ್ಲ. ಈಗಲೂ ಯೂಟ್ಯೂಬ್‌ನಲ್ಲಿ ಅದನ್ನು ನೋಡುವಾಗ, ನಾನು ಅಲ್ಲಿ ಇದ್ದೆನಾ ಅಂತ ಅನುಮಾನ ಬರುತ್ತದೆ.

ಆಮೇಲೆ ಬ್ಲಾಸ್ಟರ್ಸ್ ಕೋಚ್ ತಮ್ಮ ಹುಡುಗರನ್ನು ಮೈದಾನದಿಂದ ಕರೆದುಕೊಂಡು ಹೋದರು. ರೆಫರಿ ಕಾಯುತ್ತಾ ನಿಂತರು. ಸುಮಾರು 20 ನಿಮಿಷ. ಎಲ್ಲರೂ ವಾಪಸ್ ಬರ್ತಾರಾ ಇಲ್ವಾ ಅಂತ ಜಗಳ ಆಡುತ್ತಿದ್ದರೆ, ನಾನು ಒಬ್ಬನೇ "ಬರದಿದ್ದರೆ ಸಾಕಪ್ಪಾ, ರೈಲು ಸಿಗುತ್ತೆ" ಅಂತ ಸಿದ್ಧಾರೂಢರಿಗೆ ಹರಕೆ ಹೊರುತ್ತಿದ್ದೆ. ಬರಲಿಲ್ಲ. ಓಡಿದೆ. ರೈಲು ಸಿಕ್ಕಿತು.

ಈಗ ಹೇಳಿ, ನಾನು ಪ್ರೇಕ್ಷಕನೋ ಸಪೋರ್ಟರ್‌ನೋ?


ಕೊಚ್ಚಿ ಟು ಕಲ್ಯಾಣನಗರ:

ನಮಸ್ಕಾರ. ನಾನು ಮಲಯಾಳಿ, ಮೂರು ವರ್ಷದಿಂದ ಧಾರವಾಡದಲ್ಲಿ ಇದ್ದೇನೆ. ಕನ್ನಡ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆ ಗೋಲು ಗೋಲೇ ಅಲ್ಲ. ಇಷ್ಟೇ ಹೇಳಬೇಕಿತ್ತು.

ಇನ್ನೊಂದು. ಅವತ್ತು ಎದ್ದು ಹೋಗಿದ್ದಕ್ಕೆ ನಮ್ಮ ಕ್ಲಬ್‌ಗೆ 4 ಕೋಟಿ ದಂಡ, ಕೋಚ್‌ಗೆ 10 ಆಟ ನಿಷೇಧ. ಆದರೂ ಆ ಕೋಚ್ ಊರಿಗೆ ಬಂದಿಳಿದಾಗ ಜನ ಹಾಡಿ ಬರಮಾಡಿಕೊಂಡರು. ಸಪೋರ್ಟರ್ ಯಾರು ಅಂತ ನೀವು ಕೇಳುತ್ತಿದ್ದೀರಿ. ತಂಡ ತಪ್ಪು ಮಾಡಿದಾಗಲೂ ಬಿಡದವರು ಅಂತ ನಮ್ಮ ಕಡೆ ಲೆಕ್ಕ. ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ. ಇಲ್ಲಿ ನಮ್ಮ ರೂಮಿನಲ್ಲಿ ಏಳು ಜನ ಒಂದೇ ಲ್ಯಾಪ್‌ಟಾಪ್‌ನಲ್ಲಿ ನೋಡುತ್ತೇವೆ. ಡಿಸೆಂಬರ್‌ನಲ್ಲಿ ಛೆಟ್ರಿ ಮೂರನೆಯದನ್ನು ಹೊಡೆದಾಗ ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು "ಯಾರರೆ ತೀರಿಕೊಂಡಾರೇನು?" ಅಂತ ಕೇಳಿದರು. ಅಷ್ಟು ಮೌನ.


ಆಲೂರ ವೆಂಕಟ ಚಾಳ:

ವೆಸ್ಟ್ ಬ್ಲಾಕ್ ಅಣ್ಣಾರ, ನೀವು ಬೆಂಗಳೂರಿನಿಂದ ಅಳೆಯುತ್ತಿದ್ದೀರಿ. ನಾನು ಧಾರವಾಡದಿಂದ ಅಳೆದು ತೋರಿಸುತ್ತೇನೆ.

ಗೋವಾ ತಂಡದ ಮೈದಾನ ಫತೋರ್ಡಾ, ಅದು ಇರುವುದು ಮಡಗಾಂವ್‌ನಲ್ಲಿ. ನಮಗೆ ಅದು ಬೆಂಗಳೂರಿನ ಅರ್ಧ ದಾರಿಯೂ ಅಲ್ಲ. ಅಳ್ನಾವರ, ರಾಮನಗರ, ಅನಮೋಡ ಘಾಟ್ ಇಳಿದರೆ ಗೋವಾ. ಕಂಠೀರವಕ್ಕೆ ಹೋಗೋಕೆ ರಾತ್ರಿ ಪೂರ್ತಿ ಬೇಕು, ಫತೋರ್ಡಾಕ್ಕೆ ಬೆಳಗಿನ ಚಹಾ ಕುಡಿದು ಹೊರಟರೆ ಊಟದ ಹೊತ್ತಿಗೆ ಅಲ್ಲಿರುತ್ತೀರಿ. ಹಾಗಾಗಿ ಬೆಂಗಳೂರು ಎಫ್‌ಸಿಯ ಎವೇ ಆಟವೇ ನಮಗೆ ಹೋಂ ಆಟ. ಇದನ್ನು ಯಾಕೆ ಯಾರೂ ಹೇಳೋದಿಲ್ಲ?

ಏಪ್ರಿಲ್ 6ಕ್ಕೆ ನಾವು ನಾಲ್ಕು ಜನ ಹೋಗಿದ್ದೆವು. ಸೆಮಿಫೈನಲ್ ಎರಡನೇ ಲೆಗ್, ಅಂದರೆ ಎರಡು ಆಟದಲ್ಲಿ ಎರಡನೆಯದು; ಎರಡರ ಗೋಲು ಸೇರಿಸಿ ಲೆಕ್ಕ. ಅವತ್ತು ರಾಮನವಮಿ, ಮನೆಯಿಂದ ಕೋಸಂಬರಿ ಡಬ್ಬಿ ಕಟ್ಟಿಕೊಟ್ಟಿದ್ದರು. ಬಾಕ್ಸ್‌ನಲ್ಲಿ ಪೇಡೆಯೂ ಇತ್ತು, ಗೆದ್ದರೆ ಹಂಚೋಕೆ. ಗೇಟಿನಲ್ಲಿ ಡಬ್ಬಿ ಒಳಗೆ ಬಿಡಲಿಲ್ಲ. ಪೇಡೆಯನ್ನು ಅಲ್ಲೇ ನಿಂತು ತಿಂದು ಮುಗಿಸಿದೆವು. ಆಟಕ್ಕೆ ಮೊದಲೇ. ಅಪಶಕುನ ಅಂತ ಒಬ್ಬ ಗೊಣಗಿದ.

ಮೊದಲ ಲೆಗ್‌ನಲ್ಲಿ ನಮ್ಮದು 2-0. ಇಲ್ಲಿ 49ಕ್ಕೆ ಗೋವಾದ ಬೋರ್ಹಾ ಹೊಡೆದ. ಅಲ್ಲಿಂದ ನಲವತ್ತು ನಿಮಿಷ ನಾವು ಉಸಿರು ಬಿಡಲಿಲ್ಲ. 88ಕ್ಕೆ ಸಾದಿಕು, ಎರಡೂ ಆಟ ಸೇರಿ 2-2. ನಮ್ಮ ಸುತ್ತ ಗೋವಾದವರ ಕಿತ್ತಳೆ ಬಣ್ಣ ಕುಣಿಯುತ್ತಿತ್ತು. ಮುಂದಿನ ಸಾಲಿನ ಗೋವಾದ ಹುಡುಗನೊಬ್ಬ ತಿರುಗಿ ನಮ್ಮನ್ನು ನೋಡಿ ಕೊಂಕಣಿಯಲ್ಲಿ ಏನೋ ಅಂದ. ಅರ್ಥ ಆಗಲಿಲ್ಲ, ಒಳ್ಳೆಯ ಮಾತಂತೂ ಅಲ್ಲ. ಗೆಳೆಯ ಬ್ಯಾಗ್ ಹೆಗಲಿಗೆ ಹಾಕಿ ಎದ್ದ, "ನಡೀರಿ, ಘಾಟಿನ್ಯಾಗ ಮಂಜು ಬೀಳೂದ್ರಾಗ ಹೋಗೋಣು" ಅಂತ. ಏಪ್ರಿಲ್‌ನಲ್ಲಿ ಎಲ್ಲಿಯ ಮಂಜು? ಅಳು ಮುಚ್ಚಿಕೊಳ್ಳೋಕೆ ಒಂದು ನೆಪ ಅಷ್ಟೇ.

92ನೇ ನಿಮಿಷ. ನಾಮ್‌ಗ್ಯಾಲ್ ಭುಟಿಯಾ ಬಲಗಡೆಯಿಂದ ಕ್ರಾಸ್ ಹಾಕಿದರು. ಛೆಟ್ರಿ ತಲೆ ಕೊಟ್ಟರು. ಚೆಂಡು ಒಳಗೆ.

ಇಡೀ ಸ್ಟೇಡಿಯಂ ಸುಮ್ಮನಾಯಿತು. ಒಂದು ಮೂಲೆಯಲ್ಲಿ ನೀಲಿ ಗುಂಪು ಕೂಗುತ್ತಿತ್ತು, ಇನ್ನೊಂದು ಮೂಲೆಯಲ್ಲಿ ನಾವು ನಾಲ್ವರು. ಬ್ಯಾಗ್ ಹಾಕಿಕೊಂಡವನು ಬ್ಯಾಗ್ ಸಮೇತ ಕುಣಿದ, ಅದರೊಳಗಿದ್ದ ಥರ್ಮಾಸ್ ಒಡೆಯಿತು. ಅನಮೋಡ ಘಾಟ್ ಹತ್ತುವಾಗ ಕಾರಿನ ತುಂಬ ಚಹಾದ ವಾಸನೆ. ಇವತ್ತಿಗೂ ಹೋಗಿಲ್ಲ.

ಫೈನಲ್ ಸೋತದ್ದಕ್ಕೆ ನನಗೂ ನೋವಿದೆ. ಆದರೆ ಆ ಥರ್ಮಾಸ್ ಲೆಕ್ಕದಲ್ಲಿ ಈ ಸೀಸನ್ ನನಗೆ ಲಾಭವೇ.


ರೈಲ್ವೆ ಕಾಲನಿ ಕಾಕಾ:

ಎಲ್ಲ ಓದಿದೆ ತಮ್ಮಗಳಿರಾ. ನಿವೃತ್ತಿಯಾದವನಿಗೆ ಇದೇ ಕೆಲಸ.

ನೀಲಿ ತಮ್ಮಾ, ನೀನು 2023ರ ಮಾರ್ಚ್ 3ರ ಕಥೆ ಹೇಳಿದೆ. ಮಾರ್ಚ್ 4ಕ್ಕೆ ಏನಾಯಿತು ಗೊತ್ತೇನು? ನೀನು ರೈಲಿನಿಂದ ಇಳಿದ ದಿನ?

ರಿಯಾದ್‌ನಲ್ಲಿ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಫೈನಲ್ ಇತ್ತು. ಕರ್ನಾಟಕ 3, ಮೇಘಾಲಯ 2. 1968-69ರ ಮೇಲೆ ನಮ್ಮ ರಾಜ್ಯಕ್ಕೆ ಆ ಕಪ್ ಬಂದದ್ದು ಅವತ್ತೇ. 54 ವರ್ಷ. 2023ಕ್ಕಿಂತ ಹಿಂದೆ ನಾಲ್ಕು ಸಲ ಗೆದ್ದದ್ದು ಮೈಸೂರು ಅನ್ನುವ ಹೆಸರಿನಲ್ಲಿ. ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ ತಾನೇ? ಅಂದರೆ ಕರ್ನಾಟಕ ಅನ್ನುವ ಹೆಸರು ಕಪ್ಪಿನ ಮೇಲೆ ಬಂದದ್ದು ಅದೇ ಮೊದಲು. ನಮ್ಮ ಓಣಿಯಲ್ಲಿ ಒಂದು ಪಟಾಕಿ ಹಾರಲಿಲ್ಲ. ನಾನು ಒಬ್ಬನೇ ಹೋಗಿ ಕಾಲು ಕಿಲೋ ಜಿಲೇಬಿ ತಂದೆ. ಮನೆಯವರು "ಶುಗರ್ ಐತಿ ನಿಮಗ" ಅಂತ ಕಿತ್ತುಕೊಂಡರು.

ನಿಮ್ಮ ಕ್ಲಬ್ ಮೇಲೆ ನನಗೆ ಸಿಟ್ಟಿಲ್ಲ. 2016ರಲ್ಲಿ ಅವರು ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ಗೆ ಹೋದಾಗ ನಾನೂ ರಾತ್ರಿ ಎದ್ದು ನೋಡಿದವನೇ. ಆದರೆ ನಮ್ಮ ನಾಡಿನ ಫುಟ್ಬಾಲ್ 2013ರಲ್ಲಿ ಹುಟ್ಟಿತು ಅನ್ನುವ ಹಾಗೆ ಮಾತಾಡಬೇಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ಆಟದಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು.

ಇಲ್ಲಿ ಗದಗ ರಸ್ತೆಯ ರೈಲ್ವೆ ಮೈದಾನದಲ್ಲಿ ನಾವೂ ಬರಿಗಾಲಲ್ಲೇ ಆಡಿದೆವು. ವರ್ಕ್‌ಶಾಪ್‌ನ ಸೈರನ್ ಆಗುತ್ತಿದ್ದ ಹಾಗೆ ಜನ ಮನೆಗೆ ಹೋಗದೆ ಟಿಫಿನ್ ಡಬ್ಬಿ ಹಿಡಿದುಕೊಂಡೇ ಮೈದಾನದ ಸುತ್ತ ನಿಲ್ಲುತ್ತಿದ್ದರು. ಗೋಲಾದರೆ ಖಾಲಿ ಡಬ್ಬಿ ಬಡಿಯುತ್ತಿದ್ದರು. ನಿಮ್ಮ ಡ್ರಮ್ಮಿಗಿಂತ ಮೊದಲಿನ ಡ್ರಮ್ಮು ಅದು.

ಈಗಲೂ ಭಾನುವಾರ ಬೆಳಿಗ್ಗೆ ಅಲ್ಲಿ ಹುಡುಗರು ಆಡುತ್ತಾರೆ. ನೋಡೋಕೆ ನಾನು, ಎರಡು ನಾಯಿ, ಚಹಾದವನು.


ಮಂಚೆಸ್ಟರ್ ಮಂಟೂರ ರೋಡ್:

ಐಎಸ್‌ಎಲ್ ಎಲ್ಲ ಯಾಕ್ ನೋಡ್ತೀರಿ? ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೋಡಿ, ಫುಟ್ಬಾಲ್ ಅಂದ್ರೇನು ಗೊತ್ತಾಗುತ್ತೆ.


ಆಲೂರ ವೆಂಕಟ ಚಾಳ:

ನಿಮ್ಮ ಮ್ಯಾಂಚೆಸ್ಟರ್ ಯುನೈಟೆಡ್ ಈ ವರ್ಷ ಟೇಬಲ್‌ನಲ್ಲಿ ಎಲ್ಲಿದೆ ಅಂತ ಮೊದಲು ಕೆಳಗಿಂದ ಎಣಿಸಿ, ಬೇಗ ಸಿಗುತ್ತೆ. ಆಮೇಲೆ ಮಾತಾಡೋಣ.


ಬೆಟಗೇರಿ ಟೀಚರ್:

ಕಾಕಾರ ಮಾತಿಗೆ ಒಂದು ಸೇರಿಸುತ್ತೇನೆ. ನಾನು ಗದಗಿನ ಕಡೆ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರ್.

ಫೈನಲ್ ದಿನ ದವನದ ಹುಣ್ಣಿಮೆ, ನಮ್ಮೂರಲ್ಲಿ ತೋಂಟದಾರ್ಯ ಜಾತ್ರೆ. ಅಂಗಡಿ ಸಾಲಿನಲ್ಲಿ ಜರ್ಸಿ ಜೋತು ಹಾಕಿದ್ದರು. ರೊನಾಲ್ಡೊ 7, ಮೆಸ್ಸಿ 10, ಕೊಹ್ಲಿ 18. ಛೆಟ್ರಿ 11 ಇದೆಯಾ ಅಂತ ಕೇಳಿದೆ. ಅಂಗಡಿಯವನು "ಯಾರ್ರೀ ಅವ್ರು? ಮಹಾರಾಷ್ಟ್ರದವ್ರಾ?" ಅಂದ. ದೇಶಕ್ಕೆ 95 ಗೋಲು ಹೊಡೆದವನ ಜರ್ಸಿಗೆ ಜಾತ್ರೆಯಲ್ಲಿ ಗಿರಾಕಿ ಇಲ್ಲ. ಅಂಗಡಿಯವನದೇನು ತಪ್ಪು? ಯಾರಾದರೂ ಕೇಳಿದ್ದರೆ ತಾನೇ ತರುತ್ತಾನೆ.

ನಮ್ಮ ಶಾಲೆಯಲ್ಲಿ 42 ಹುಡುಗಿಯರಿಗೆ ಇರುವುದು ಎರಡು ಚೆಂಡು, ಅದರಲ್ಲಿ ಒಂದು ಪಂಕ್ಚರ್. ಎರೆ ಮಣ್ಣಿನ ಮೈದಾನ. ಮಳೆ ಬಂದರೆ ಕಾಲಿಗೆ ಎರಡೆರಡು ಕಿಲೋ ಮಣ್ಣು ಅಂಟುತ್ತದೆ, ಬೇಸಿಗೆಯಲ್ಲಿ ಬಿರುಕಿನಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಆದರೂ ಆಡುತ್ತಾರೆ. ಕಳೆದ ವರ್ಷ ಹುಬ್ಬಳ್ಳಿಗೆ ಒಂದು ಪಂದ್ಯಕ್ಕೆ ಕರೆದುಕೊಂಡು ಬಂದಿದ್ದೆ. 6-0 ಸೋತೆವು. ಬಸ್ಸಿನಲ್ಲಿ ಯಾರೂ ಅಳಲಿಲ್ಲ. ಗೋಲ್‌ಕೀಪರ್ ಹುಡುಗಿ ಒಂದೇ ಮಾತು ಕೇಳಿದಳು, "ಟೀಚರ್, ಅವರ ಕಡೆ ಅಷ್ಟೊಂದು ಮಂದಿ ಇದ್ರು, ನಮ್ಮ ಕಡೆ ಯಾಕ ಯಾರೂ ಇರಲಿಲ್ಲ?"

ಅಷ್ಟೊಂದು ಮಂದಿ ಅಂದರೆ ಹದಿನೈದು ಜನ ಇರಬಹುದು. ಆ ಶಾಲೆಯ ಪೋಷಕರು.


ವೆಸ್ಟ್ ಬ್ಲಾಕ್ ನವಲಗುಂದ:

ಟೀಚರ್, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಮೊದಲ ಮಾತನ್ನು ಅರ್ಧ ವಾಪಸ್ ತಗೊಳ್ತೇನೆ. ಅರ್ಧ ಯಾಕೆ ಅಂದರೆ, ಸ್ಟ್ಯಾಂಡ್‌ನಲ್ಲಿ ಮೈ ಸವೆಸಿದವರಿಗೆ ಒಂದು ಹಕ್ಕು ಇದ್ದೇ ಇರುತ್ತೆ, ಅದನ್ನು ಬಿಡಲ್ಲ. ಆದರೆ ನೀಲಿ, ಆ ರೈಲಿನ ಹರಕೆಗೆ ನೀವು ಸಪೋರ್ಟರ್ ಅಂತ ಬರೆದುಕೊಡುತ್ತೇನೆ. ಮುಂದಿನ ಸಲ ಬಂದರೆ ಹೇಳಿ, ನಮ್ಮ ಮನೆಯಲ್ಲಿ ಉಳಿದುಕೊಳ್ಳಿ. ಗೋಲು ಆಗುವಾಗ ಫೋನ್ ಕಿತ್ತಿಟ್ಟುಕೊಳ್ಳುವ ಜವಾಬ್ದಾರಿ ನನ್ನದು.


ಹುಬ್ಳಿ ನೀಲಿ:

ಮಾರ್ಚ್ 4ರ ವಿಷಯ ನನಗೆ ನಿಜವಾಗಿ ಗೊತ್ತಿರಲಿಲ್ಲ ಕಾಕಾ. ಆ ಶನಿವಾರ ಆಫೀಸಿನಲ್ಲಿ ನಿದ್ದೆಗಣ್ಣಿನಲ್ಲಿ ಫ್ರೀ ಕಿಕ್ ಸರಿಯೋ ತಪ್ಪೋ ಅಂತ ವಾದ ಮಾಡುತ್ತಿದ್ದೆ. ನಮ್ಮ ರಾಜ್ಯ ಆವತ್ತೇ ಕಪ್ ಎತ್ತಿತ್ತು ಅಂತ ಎರಡು ವರ್ಷ ಆದ ಮೇಲೆ ಇಲ್ಲಿ ಓದುತ್ತಿದ್ದೇನೆ. ನಾಚಿಕೆ ಆಯಿತು.

ಅಣ್ಣನಿಗೆ ಉತ್ತರ ಇನ್ನೂ ಸಿಕ್ಕಿಲ್ಲ. "ಅವ್ರು ಹುಬ್ಬಳ್ಳಿಗೆ ಬಂದಾರೇನು" ಅಂತ ಕೇಳಿದನಲ್ಲ, ಅವನಿಗೆ ರೈಲ್ವೆ ಮೈದಾನ ಗೊತ್ತು, ಗಾಡಿಯಲ್ಲಿ ಹತ್ತು ನಿಮಿಷ. ಅಲ್ಲಿಗೆ ನಾನೂ ಹೋಗಿಲ್ಲ, ಅವನೂ ಹೋಗಿಲ್ಲ. ಬೆಂಗಳೂರು ಎಫ್‌ಸಿಯನ್ನು ಬಿಡೋದಿಲ್ಲ, ಅದು ಆಗದ ಮಾತು. ಆದರೆ ಈ ಭಾನುವಾರ ಬರುತ್ತೇನೆ. ಎಷ್ಟು ಗಂಟೆಗೆ ಕಾಕಾ?


ರೈಲ್ವೆ ಕಾಲನಿ ಕಾಕಾ:

ಆರೂವರೆಗೆ. ಬಿಸಿಲು ಏರಿದರೆ ಹುಡುಗರು ನಿಲ್ಲೋದಿಲ್ಲ. ಕೂರೋಕೆ ಏನೂ ಇಲ್ಲ, ಹಳೆಯ ಪೇಪರ್ ತಗೊಂಡು ಬಾ.


ಆಲೂರ ವೆಂಕಟ ಚಾಳ:

ಚಿಗರಿ ಬಸ್ ಹಿಡಿದು ನಾನೂ ಬರ್ತೀನಿ. ಹೊಸ ಥರ್ಮಾಸ್ ತಂದಿದ್ದೇನೆ. ಡ್ರಮ್ ಇದೆಯಾ ಯಾರ ಹತ್ತಿರ?


ಕೊಚ್ಚಿ ಟು ಕಲ್ಯಾಣನಗರ:

ನಾವು ಏಳು ಜನ ಬರಬಹುದಾ? ಬ್ಲಾಸ್ಟರ್ಸ್‌ನ ಹಳದಿ ಅಂಗಿ ಹಾಕುವುದಿಲ್ಲ.


ರೈಲ್ವೆ ಕಾಲನಿ ಕಾಕಾ:

ಹಳದಿಯಾದರೂ ಹಾಕಿಕೊಂಡು ಬಾರಪ್ಪಾ, ಅಲ್ಲಿ ಅರ್ಧ ಹುಡುಗರು ಅಂಗಿಯೇ ಹಾಕಿರೋದಿಲ್ಲ.


ಹುಬ್ಳಿ ನೀಲಿ:

ಡ್ರಮ್ ಯಾಕೆ, ನಮ್ಮ ಮನೆಯಲ್ಲಿ ಹಲಗೆ ಇದೆ. ಹೋಳಿ ಮುಗಿದ ಮೇಲೆ ಅಣ್ಣ ಅಟ್ಟಕ್ಕೆ ಹಾಕಿದ್ದು. ಚರ್ಮ ಸಡಿಲ ಆಗಿರುತ್ತೆ, ಬೆಳಿಗ್ಗೆ ಬೇಗ ಎದ್ದು ಬೆಂಕಿಗೆ ಹಿಡಿಯಬೇಕು. ಅದು ನನಗೆ ಬರೋದಿಲ್ಲ, ಅಣ್ಣನಿಗೆ ಬರುತ್ತೆ. ಅವನನ್ನೇ ಎಬ್ಬಿಸಿ ಕರೆದುಕೊಂಡು ಬರ್ತೀನಿ.